ನನ್ನ ಅನಂತ ವೇಗ ಮತ್ತು ಮಾವನ ಮೋಟಾರು

ಆಳಂದದಲ್ಲಿ ಹುಟ್ಟಿ, ಅಫಜಲಪುರಕ್ಕೆ ಸೊಸೆಯಾಗಿ ಬಂದು, ಜೇವರ್ಗಿಯ ಕಾಲೇಜಿನಲ್ಲಿ ಗಣಿತ ಕಲಿಸುವ ನಾನು, ಜಗತ್ತಿನ ಘಟಾನುಘಟಿಗಳಿಗೇ ಬಗ್ಗದ ಪ್ರಶ್ನೆಗೆ ಕೈ ಹಾಕಿದ್ದೆ. ಹರಿಯುವ ನೀರಿನ ಸಮೀಕರಣಗಳನ್ನು ಬಿಡಿಸುತ್ತ ಹೋದರೆ, ಯಾವುದೋ ಒಂದು ಗಳಿಗೆಯಲ್ಲಿ, ಒಂದೇ ಬಿಂದುವಿನಲ್ಲಿ, ಸುಳಿಯ ಬಿರುಸು ಅಳತೆ ಮೀರಿ ಅನಂತವನ್ನು ಮುಟ್ಟೀತೇ? ಮುಟ್ಟಿದರೆ ಸಮೀಕರಣ ಅಲ್ಲಿಗೆ ಕೈಚೆಲ್ಲುತ್ತದೆ. ನನ್ನ ಪಿಎಚ್‌ಡಿ ಮುಗಿಯುತ್ತದೆ. ನನ್ನ ಜಂಬಕ್ಕೂ ಕೂರಲು ಒಂದು ಕುರ್ಚಿ ಸಿಗುತ್ತದೆ.

ಮಳೆಗಾಲದ ಒಂದು ಬೆಳಿಗ್ಗೆ ಲ್ಯಾಪ್‌ಟಾಪಿನ ಪರದೆಯ ಮೇಲೆ ಸುಳಿಯ ಬಿರುಸು ತೋರಿಸುವ ಗೆರೆ ನೆಟ್ಟಗೆ ಮೇಲಕ್ಕೆದ್ದಿತು. ಅಡುಗೆಮನೆಗೆ ಓಡಿದೆ.

"ಅತ್ತೀ, ನೀರಿನ ಜೋರು ಲೆಕ್ಕಕ್ಕ ಸಿಗಲಾರದಂಗ ಏರಾಕತ್ತದ್ರಿ!"

ಅದು ಲ್ಯಾಪ್‌ಟಾಪಿನೊಳಗಿನ ನೀರು ಎಂದು ಹೇಳುವಷ್ಟು ತಾಳ್ಮೆ ಇರಲಿಲ್ಲ. ಅತ್ತೆ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು ಲ್ಯಾಪ್‌ಟಾಪಿಗೆ ವಿಭೂತಿ ಹಚ್ಚಿದರು. ಆಮೇಲೆ, ಭೀಮಾ ದಂಡೆಯಲ್ಲಿ ಕಬ್ಬು ಬೆಳೆಯುವ ತಮ್ಮನಿಗೆ ಫೋನ್ ಮಾಡಿದರು. ಏನು ಹೇಳಿದರೆಂದು ನಾನು ಕಿವಿಗೊಡಲಿಲ್ಲ. ಗೈಡ್‌ಗೆ ಮೇಲ್ ಬರೆಯುತ್ತಿದ್ದೆ. ಅದರಲ್ಲಿ ಕ್ರಾಂತಿಕಾರಕ ಎಂಬ ಪದವೂ ಇತ್ತು.

ಗೈಡ್‌ರಿಂದ ಬಂದ ಉತ್ತರ ಒಂದೇ ಸಾಲು: ಚೌಕಗಳನ್ನು ಸಣ್ಣದು ಮಾಡಿ ನೋಡಿ. ಕಂಪ್ಯೂಟರು ನೀರನ್ನು ಚೌಕ ಚೌಕವಾಗಿ ವಿಂಗಡಿಸಿಕೊಂಡು ಲೆಕ್ಕ ಹಾಕುತ್ತದೆ. ನನ್ನ ಚೌಕಗಳು ಗೋಧಿ ಜರಡಿಯ ಕಣ್ಣಿನ ಹಾಗೆ ದೊಡ್ಡವಾಗಿದ್ದವು. ಸಣ್ಣದು ಮಾಡಿದೆ. ನೆಟ್ಟಗೆ ಎದ್ದಿದ್ದ ಗೆರೆ ಬಾಗಿ, ದಿಬ್ಬವಾಗಿ, ಸಂಭಾವಿತನಂತೆ ಕೆಳಗಿಳಿಯಿತು. ಅನಂತವೆಂದು ನಾನು ಕೊಂಡಾಡಿದ್ದು ನನ್ನ ಸೋಮಾರಿತನವನ್ನು. ದುಃಖ ಉಕ್ಕಿ ಬಂತು. ಮಂಚದ ಮೇಲೆ ಕುಳಿತು ಸಣ್ಣ ಹುಡುಗಿಯಂತೆ ಬಿಕ್ಕಿದೆ.

ಸಂಜೆ ಅತ್ತೆಯ ತಮ್ಮ ಮೊಣಕಾಲುದ್ದ ಕೆಸರಿನಲ್ಲೇ ಬಂದರು.

"ಯವ್ವಾ, ಅಕ್ಕ ಹೇಳಿದ್ಲು, ಹೊಳಿ ಉಕ್ಕಿ ಬರ್ತದಂತ ನೀ ಲೆಕ್ಕಾ ಹಾಕೀದಿ ಅಂತ. ಹೊಳಿಯಾಗಿನ ಮೋಟಾರ ಎಳ್ದು ಮ್ಯಾಲ ಹಾಕೇನಿ. ಆಜುಬಾಜು ಮಂದೀದೂ ಎಳಸೇನಿ. ನೀರ ಯಾವಾಗ ಬರ್ತಾವ?"

ಪಿಎಚ್‌ಡಿ ಮರೆತೇಹೋಯಿತು. ನೆಲ ಬಾಯಿಬಿಟ್ಟರೆ ಸಾಕೆನಿಸಿತು.

"ಬರಂಗಿಲ್ರಿ ಮಾವಾರ. ಅದು ಹೊಳಿ ನೀರಲ್ರಿ, ಕಂಪ್ಯೂಟರದಾಗಿಂದು. ಅದರಾಗೂ ನನ್ನ ಲೆಕ್ಕ ತಪ್ಪಿತ್ರಿ."

ಬೈಸಿಕೊಳ್ಳಲು ತಲೆ ತಗ್ಗಿಸಿ ನಿಂತೆ. ಅವರು ಎರಡೂ ಕೈ ಮುಗಿದು, ದೊಡ್ಡದಾಗಿ ಉಸಿರು ಬಿಟ್ಟು, ಅಕ್ಕನಿಗೆ ಚಹಾ ಇಡಲು ಹೇಳಿದರು. ಕಬ್ಬು ಉಳಿದಿತ್ತು. ಆಮೇಲೆ ನನ್ನ ಕೆಂಪು ಕಣ್ಣು ನೋಡಿದರು.

"ಏನೂ ಆಗಂಗಿಲ್ಲಂದ್ರ, ಮತ್ತ್ಯಾಕ ಅತ್ತಿದಿ ಯವ್ವಾ?"

ಅನಾಹುತ ಆಗಲಿಲ್ಲವೆಂದು ಭೀಮಾ ದಂಡೆಯಲ್ಲಿ ಕಣ್ಣೀರು ಹಾಕಿದವಳು ನಾನೊಬ್ಬಳೇ ಇರಬೇಕು. ಕೆಸರುಗಾಲಿನಲ್ಲಿ ನಿಂತ ಆ ಮನುಷ್ಯನಿಗೆ ಇದನ್ನು ಯಾವ ಮುಖದಿಂದ ಹೇಳಲಿ?

"ಉಳ್ಳಾಗಡ್ಡಿ ಹೆಚ್ಚಾಕತ್ತಿದ್ನಿರಿ" ಎಂದೆ.