ಮಾದೇವಿ ಸೀರೆಗಳಿಗೆ ವಿಳಾಸ ಕೊಟ್ಟದ್ದು

"ಮಾದೇವಿ ಬಾಗಲಾ ತಗದ್ಲಂದ್ರ ಓಣ್ಯಾಗ ಮಲಗಿದ ನಾಯಿ ಸುದ್ದಾ ಎದ್ದು ಆಚೀಕಡೆ ಹೊಕ್ಕಾವ" ಎನ್ನುತ್ತಿದ್ದರು ಇಳಕಲ್ಲಿನ ಆ ಓಣಿಯ ಮಂದಿ. ನಳದ ಹತ್ತಿರ ನಿಂತ ಹೆಂಗಸರದು ಇನ್ನೊಂದು ಮಾತು: "ಹುನಗುಂದ ಇಷ್ಟು ಸಮೀಪ ಇರಬಾರದಿತ್ತು ನೋಡವ್ವಾ. ದೂರ ಇದ್ದಿದ್ರ ಗಂಡನ್ನ ಬಿಟ್ಟು ಬರೂಮುಂದ ದಾರ್ಯಾಗರ ಸಿಟ್ಟು ಇಳೀತಿತ್ತು."

ಇದೆಲ್ಲ ಮಾದೇವಿಯ ಕಿವಿಗೆ ಬೀಳುತ್ತಿತ್ತು. ಬೀಳಲಿ ಎಂದೇ ಅವರು ಆಡುತ್ತಿದ್ದರು. ಆಕೆ ಕೊಡ ಸೊಂಟಕ್ಕೆ ಇಟ್ಟುಕೊಂಡು, "ನನ್ನ ಸುದ್ದಿ ಆಡಿ ಆಡಿ ಬಾಯಿ ಒಣಗಿರಬೇಕು. ಹಾಕಲೇನು ನೀರು?" ಎಂದು ಕೇಳಿ ಮುಂದೆ ಹೋಗುತ್ತಿದ್ದಳು.

ಮದುವೆಗೆ ಮೊದಲು ಬಾಗಲಕೋಟೆಯಲ್ಲಿ ಕಂಪ್ಯೂಟರ್ ಕಲಿತಿದ್ದಳು. ಹುನಗುಂದದ ಗಂಡನ ಮನೆಯಲ್ಲಿ ಎರಡು ದೀಪಾವಳಿ ಮಾಡಿದಳು. ಮೂರನೆಯದಕ್ಕೆ ತವರಿಗೆ ಬಂದವಳು ತಿರುಗಿ ಹೋಗಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ನೀವs ಹೋಗಿ ಇದ್ದು ನೋಡ್ರಿ." ತಂದೆ ತಾಯಿ ತೀರಿಹೋಗಿದ್ದರು. ಇದ್ದದ್ದು ಅಣ್ಣ ಪ್ರಭುವಿನ ಮನೆ, ವೈನಿ ಸುಮಾಳ ಅಡುಗೆಮನೆ. ಮುಂಜಾನೆ ಬಸ್‌ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದಳು. ಮಧ್ಯಾಹ್ನ ಮಾಳಿಗೆಯ ಮೇಲಿನ ಕೋಣೆಯಲ್ಲಿ ತನ್ನ ಹಳೆಯ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು.

ಪ್ರಭು ಸೀರೆ ವ್ಯಾಪಾರಿ. ತಾನು ಮಗ್ಗಕ್ಕೆ ಇಳಿದವನಲ್ಲ. ನೇಕಾರರಿಗೆ ಮಗ್ಗದ ಉದ್ದಕ್ಕೆ ಹೂಡುವ ಹಾಸಿನ ನೂಲು, ಸೆರಗಿನ ರೇಷ್ಮೆ ಕೊಟ್ಟು, ನೇಯ್ದ ಸೀರೆ ತಂದು ಪೇಟೆಯ ಅಂಗಡಿಯಲ್ಲಿ ಮಾರುತ್ತಿದ್ದ. ಹಾಸು ಅವನ ಕೈಯಲ್ಲಿ, ಹಾಗಾಗಿ ನೇಕಾರರ ಕೊರಳೂ ಅವನ ಕೈಯಲ್ಲಿ. ಗಾದಿಯ ಮೇಲೆ ಕೂತು ಅವನು ಪಾಲಿಸುತ್ತಿದ್ದ ನೇಮಗಳೂ ಅಂಥವೇ. ಗಿರಾಕಿ ಕೇಳಿದ ಸೀರೆಯನ್ನು ಕಟ್ಟಕಡೆಗೆ ತೋರಿಸಬೇಕು. ಅಷ್ಟರೊಳಗೆ ನಾಲ್ಕು ಹಗುರ ಕಿಮ್ಮತ್ತಿನ ಸೀರೆ ಬಿಚ್ಚಿ, ಚಹಾ ಕುಡಿಸಿ, ಅವರ ಕಣ್ಣು ದಣಿಸಬೇಕು. ಇನ್ನೊಂದು, ಯಾವ ಸೀರೆ ಯಾವ ಮಗ್ಗದ್ದು ಎಂದು ಸತ್ತರೂ ಹೇಳಬಾರದು. ಅದು ಹೊರಗಿನವರಿಗೆ. ಮನೆಯೊಳಗೆ ಮಾತ್ರ ಸೀರೆಗಳಿಗೆ ನೇಕಾರನ ಹೆಸರು ಬಿಟ್ಟು ಬೇರೆ ಹೆಸರೇ ಇರಲಿಲ್ಲ. "ಅಮಾತೆಪ್ಪನ ದಾಳಿಂಬ ಮಾರೇತೇನು?" "ದೇವಪ್ಪನ ಹಸರ ಇನ್ನೂ ಬಂದಿಲ್ಲ." ಊಟಕ್ಕೆ ಕೂತಾಗ ಹೀಗೇ ಮಾತು ನಡೆಯುತ್ತಿತ್ತು.

ಎರಡು ಸಾವಿರದ ಆರನೆಯ ಇಸವಿ. ಪೇಟೆಯಲ್ಲಿ ಇನ್ನೊಬ್ಬ ವ್ಯಾಪಾರಿ ಸೀರೆಗಳನ್ನು ನೆಟ್ಟಿಗೆ ಹಾಕಿದನೆಂಬ ಸುದ್ದಿ ಬಂತು. ಪ್ರಭುವಿಗೆ ಹೊಟ್ಟೆಯಲ್ಲಿ ಕಿಚ್ಚು.

"ಮನ್ಯಾಗ ಕೂಳಂತೂ ತಿಂತಿ. ಒಂದು ವೆಬ್‌ಸೈಟರ ಮಾಡು" ಎಂದ ತಂಗಿಗೆ.

"ಕೂಳಿನ ಜೋಡಿ ನಿನ್ನ ಮಾತೂ ತಿಂತೇನಿ. ಅದಕ್ಕೇನು ಕೊಡ್ತಿ?" ಎಂದಳು ಮಾದೇವಿ. ಆದರೂ ಮಾಡಿದಳು.

ಮೊದಲು ಒಂದೊಂದು ಸೀರೆಗೆ ಒಂದೊಂದು ಪುಟ ಮಾಡಿದ್ದಳು. ಟೆಲಿಫೋನ್ ತಂತಿಯ ನಿಧಾನದ ನೆಟ್ಟು; ಒಂದು ಸೀರೆಯಿಂದ ಮತ್ತೊಂದಕ್ಕೆ ಹೋಗಬೇಕಾದರೆ ಅಂಗಡಿಯ ಹೆಸರು, ಬನಶಂಕರಿಯ ಚಿತ್ರ, ಸುತ್ತಿನ ಹೂಬಳ್ಳಿ ಎಲ್ಲ ಮತ್ತೆ ಮೊದಲಿನಿಂದ ಇಳಿದು ಬರಬೇಕು. "ಸೀರಿ ನೇದು ಮುಗಿಸಬಹುದು, ಇದು ಮುಗಿಯೂದಿಲ್ಲ" ಎಂದು ಪ್ರಭು ಹಂಗಿಸಿದ. ಆಗ ಪುಟ ಕಟ್ಟುವ ಹೊಸ ಬಗೆಯೊಂದು ಬಂದಿತ್ತು. ಪುಟ ಇದ್ದಲ್ಲೇ ಇರುತ್ತದೆ. ಒತ್ತಿದರೆ ನಡುವಿನ ಸೀರೆ ಒಂದೇ ಬದಲಾಗುತ್ತದೆ. ಮಾದೇವಿ ಅದನ್ನು ಕಲಿತು ಇಡೀ ಅಂಗಡಿಯನ್ನು ಒಂದೇ ಪುಟದಲ್ಲಿ ಕೂಡಿಸಿದಳು. ಪ್ರಭು ಜೀವಮಾನದಲ್ಲಿ ಒಮ್ಮೆ ಆಕೆಯನ್ನು ಹೊಗಳಿದ್ದು ಅವತ್ತೇ. ಯಾರು ಬಂದರೂ ಮೊದಲ ಹಗುರ ಸೀರೆಯಿಂದ ಶುರು ಮಾಡಬೇಕು, ಅವನು ಇಟ್ಟ ಸಾಲಿನಲ್ಲೇ ನೋಡಬೇಕು. ಥೇಟ್ ಗಾದಿಯ ಮೇಲೆ ಕೂತ ಹಾಗೆ.

ಹೊಗಳಿಕೆ ಬಾಳಲಿಲ್ಲ. ಬಾಗಲಕೋಟೆಯ ನವನಗರದಲ್ಲಿ ಮನೆಯಲ್ಲೇ ಸೀರೆ ಮಾರುವ ನಜಮಾ ಎಂಬಾಕೆ ಫೋನ್ ಮಾಡಿದಳು. ಬಾಯಲ್ಲಿ ಮಾದೇವಿಗೆ ಸರಿಸಾಟಿ.

"ಏನ್ರಿ ಮೇಡಂ, ಇದು ಅಂಗಡಿನೋ ಗಾರುಡಿನೋ? ಒಂದು ಸೀರಿ ಛಲೋ ಕಂಡಿತ್ತು. ಅದರ ಹಿಂದಿನದು ನೋಡೂಣು ಅಂತ ಬ್ಯಾಕ್ ಒತ್ತಿದೆ. ನಿಮ್ಮ ಅಂಗಡೀನs ಮಾಯ ಆತು!"

"ಬ್ಯಾಕ್ ಒತ್ತಬ್ಯಾಡ್ರಿ."

"ಮತ್ತ ಆ ಬಟನ್ ಯಾಕ ಇಟ್ಟಾರ, ಕುಂಕುಮ ಹಚ್ಚಾಕೇನು? ಇನ್ನೊಂದು ಕೇಳ್ರಿ. ಆ ಸೀರಿ ಸಿಕ್ಕಾಗ ಬುಕ್‌ಮಾರ್ಕ್ ಮಾಡಿ ಇಟ್ಟಿದ್ದೆ, ಗಿರಾಕಿಗೆ ತೋರಸಾಕ. ಮರುದಿನ ತಗದ್ರ ನಿಮ್ಮ ಆ ದರಿದ್ರ ಮೊದಲನೇ ಸೀರಿ ಬಂದು ನಿಂತೈತಿ. ಗಿರಾಕಿ ಮುಂದ ನನ್ನ ಮಾರಿ ಏನಾತು?"

ಮಾದೇವಿ ಫೋನಿನಲ್ಲಿ ಸೋಲಲಿಲ್ಲ, ಆದರೆ ಫೋನ್ ಇಟ್ಟ ಮೇಲೆ ತಾನೂ ಬ್ಯಾಕ್ ಒತ್ತಿ ನೋಡಿದಳು. ನಜಮಾ ಹೇಳಿದ್ದು ಖರೆ ಇತ್ತು. ಪುಟ ಬದಲಾಗದಿದ್ದರೆ ಬ್ರೌಸರಿಗೆ ಏನು ಗೊತ್ತಾಗಬೇಕು? ಅದರ ಲೆಕ್ಕದಲ್ಲಿ ಗಿರಾಕಿ ಬಾಗಿಲಲ್ಲಿ ಒಳಗೆ ಬಂದಿದ್ದಾಳೆ, ಅಷ್ಟೇ. ಹಿಂದೆ ಹೋಗು ಎಂದರೆ ಸೀದಾ ಬೀದಿಗೆ ತಳ್ಳುತ್ತದೆ. ಸೀರೆಗೆ ತನ್ನದೊಂದು ವಿಳಾಸ ಇಲ್ಲದೆ ಅದರ ಬಳಿ ಮತ್ತೆ ಬರುವುದು ಯಾರಿಗೂ ಸಾಧ್ಯವಿಲ್ಲ.

ದಾರಿ ಹುಡುಕಲು ತಿಂಗಳ ಮೇಲೆ ಹಿಡಿಯಿತು. ಅಂಗಡಿಯ ನೆಟ್ ವಿಳಾಸದ ಕೊನೆಗೆ ಒಂದು ಹ್ಯಾಶ್ (#) ಗುರುತು, ಅದರ ಮುಂದೆ ಸೀರೆಯ ಹೆಸರು. ಆ ಗುರುತಿನ ಮುಂದೆ ಏನು ಬದಲಾದರೂ ಪುಟ ಮತ್ತೆ ಇಳಿಯುವುದಿಲ್ಲ, ಆದರೆ ಬ್ರೌಸರ್ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಪುಟದೊಳಗೆ ಕಾವಲುಗಾರನಂಥ ಸಣ್ಣ ಪ್ರೋಗ್ರಾಂ ಒಂದು ಕ್ಷಣಕ್ಕೊಮ್ಮೆ ವಿಳಾಸ ನೋಡುತ್ತಿರಬೇಕು, ಹೆಸರು ಬದಲಾದ ಕೂಡಲೇ ಆ ಸೀರೆ ತಂದು ಬಿಚ್ಚಬೇಕು. ಹೊಸ ಬ್ರೌಸರಿನಲ್ಲಿ ಇದು ನಡೆಯಿತು. ಊರ ತುಂಬಾ ಸೈಬರ್ ಕೆಫೆಗಳಲ್ಲಿ ಇದ್ದ ಹಳೆಯದು ಮಾತ್ರ ನೆನಪಿಟ್ಟುಕೊಳ್ಳಲು ಒಲ್ಲೆನೆಂದಿತು. ಅದಕ್ಕೆಂದೇ ಪುಟದೊಳಗೆ ಕಣ್ಣಿಗೆ ಕಾಣದ ಇನ್ನೊಂದು ಸಣ್ಣ ಪುಟ ಅಡಗಿಸಿಟ್ಟು, ಸೀರೆ ಬದಲಾದಾಗಲೆಲ್ಲ ಅದನ್ನೂ ಬದಲಿಸಿ ನಂಬಿಸಬೇಕಾಯಿತು.

"ಹಿಂದ ಹೋಗೂ ಗುಂಡಿ ಒಂದಕ್ಕ ಇಷ್ಟು ದಿನಾನ?" ಎಂದು ಸುಮಾ ಕೆಳಗಿನಿಂದ ಕೂಗಿದಳು. "ಅಷ್ಟರಾಗ ನಾ ಮೂರು ಚೀಲ ಜ್ವಾಳಾ ಹಸನ ಮಾಡೇನಿ."

"ವೈನಿ, ಜ್ವಾಳದಾಗಿನ ಕಲ್ಲು ನಿನ್ನ ಕಣ್ಣಿಗೆ ಕಾಣ್ತಾವ. ಇಲ್ಲೆ ಕಲ್ಲು ಎಲ್ಲಿ ಐತಿ ಅಂತ ಹುಡುಕೂದs ಕೆಲಸ."

ಕಡೆಗೆ ಎಲ್ಲ ಕೂಡಿಬಂತು. ಹ್ಯಾಶ್ ಗುರುತಿನ ಮುಂದೆ ಸೀರೆಗಳಿಗೆ ಹೆಸರು ಬರೆಯಬೇಕಲ್ಲ? ಮಾದೇವಿ ಎರಡನೇ ಸಲ ಯೋಚಿಸಲಿಲ್ಲ. ಹುಟ್ಟಿದಾಗಿನಿಂದ ಮನೆಯಲ್ಲಿ ಕೇಳಿದ ಹೆಸರುಗಳನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದಳು: ಅಮಾತೆಪ್ಪ-ದಾಳಿಂಬ, ದೇವಪ್ಪ-ಹಸರ. ಬೇರೆ ಮನೆಯವಳಾಗಿದ್ದರೆ ಅಂಕಿ ಹಾಕುತ್ತಿದ್ದಳು.

ನಜಮಾ ಈಗ ಬಯ್ಯುವುದು ಬಿಟ್ಟು ಲಿಂಕ್ ಕಳಿಸತೊಡಗಿದಳು, ನವನಗರಕ್ಕೆ, ಬಾದಾಮಿಗೆ, ಗೊತ್ತಿದ್ದವರಿಗೆಲ್ಲ. ಗಿರಾಕಿಗಳು ಸೀದಾ ತಮಗೆ ಬೇಕಾದ ಸೀರೆಯ ಮುಂದೆ ಬಂದು ನಿಲ್ಲುತ್ತಿದ್ದರು. ಮದುವೆ ಸುಗ್ಗಿಗೆ ಬೇಡಿಕೆ ಏರಿತು. "ಮೊದಲನೇ ಸೀರಿ ಯಾರೂ ನೋಡವಲ್ರು" ಎಂದು ಪ್ರಭು ಗೊಣಗಿದನಾದರೂ ಸೀರೆ ಕಟ್ಟಿ ಕಳಿಸುವುದರಲ್ಲಿ ಬಿಡುವಿರಲಿಲ್ಲ.

ಒಂದು ದಿನ ನಜಮಾ ತಾನೇ ಇಳಕಲ್ಲಿನ ಬಸ್‌ಸ್ಟ್ಯಾಂಡಿಗೆ ಬಂದಿಳಿದಳು. ಪ್ರಭುವಿನ ಅಂಗಡಿ ಎಲ್ಲಿ ಎಂದು ಕೇಳಲಿಲ್ಲ. "ದಾಳಿಂಬ ಸೀರಿ ನೇಯೂ ಅಮಾತೆಪ್ಪನ ಮನಿ ಎಲ್ಲೈತ್ರಿ?" ಎಂದು ಕೇಳಿದಳು. ಸೀರೆಯ ವಿಳಾಸದಲ್ಲೇ ನೇಕಾರನ ಹೆಸರು ಇರುವಾಗ ನಡುವೆ ಇನ್ನೊಬ್ಬ ಯಾಕೆ? ಅಮಾತೆಪ್ಪನ ಕಟ್ಟೆಯ ಮೇಲೆ ಕೂತು, "ರೇಷ್ಮಿ ನಾ ಕೊಡ್ತೇನಿ, ನನಗ ನೇದು ಕೊಡು ಕಾಕಾ" ಎಂದಳು. ಆಕೆಯ ಕೈಯಲ್ಲಿನ ಚಹಾ ಆರುವುದರೊಳಗೆ ಸುದ್ದಿ ಪ್ರಭುವಿನ ಗಾದಿ ಮುಟ್ಟಿತು.

ಅವತ್ತೇ ಅವನು ಅಮಾತೆಪ್ಪನಿಗೆ ಹಾಸು ಕೊಡುವುದನ್ನು ನಿಲ್ಲಿಸಿದ. ಮನೆಗೆ ಬಂದವನು ಚಪ್ಪಲಿ ಬಿಡದೆ ಮಾಳಿಗೆ ಏರಿದ.

"ಅಪ್ಪ ಜೀವಾ ಹೋದ್ರೂ ಬಾಯಿ ಬಿಟ್ಟಿರಲಿಲ್ಲ. ನೀ ಜಗತ್ತಿಗೆ ಡಂಗುರ ಸಾರಿದಿ. ಎಷ್ಟು ದಿನದಿಂದ ಹಲ್ಲು ಮಸದಿದ್ದಿ?"

"ಹಲ್ಲು ಮಸಿಯಾಕ ನಾ ಏನು ನಿನ್ನ ವೈರೀನ? ಮನ್ಯಾಗ ನೀವು ಕರಿಯೂ ಹೆಸರs ಬರದೇನಿ. ಬ್ಯಾರೆ ಹೆಸರು ನೀ ಯಾವಾಗ ಕಲಿಸಿದ್ದಿ?"

ಮಾತಿಗೆ ಮಾತು ಕೊಟ್ಟಳು ನಿಜ, ಆದರೆ ತಪ್ಪು ತನ್ನದೆಂದು ಆಕೆಗೆ ತಿಳಿದಿತ್ತು. ಮರುದಿನ ಅಮಾತೆಪ್ಪನ ಮನೆಗೆ ಹೋದಳು. ನೆಲದೊಳಗೆ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಖಾಲಿ ಮಗ್ಗದ ಮುಂದೆ ಮುದುಕ ಕೂತಿದ್ದ. ಹೆಂಡತಿ ಸಿದ್ದಲಿಂಗವ್ವ ಚಾಪೆ ಹಾಸಲಿಲ್ಲ.

"ಬಾಯವ್ವಾ" ಎಂದಳು ಸಿದ್ದಲಿಂಗವ್ವ. "ನಿಮ್ಮ ನೆಟ್‌ನ್ಯಾಗ ನಮ್ಮ ಹೆಸರು ಮೆರದೈತಂತ. ಒಲಿ ಮ್ಯಾಲೂ ಅದನ್ನs ಇಡಲೇನು?"

"ಕಾಕಾ, ತಪ್ಪಾಗೇತಿ. ನಜಮಾನ ರೇಷ್ಮಿ ತಗೊಂಡು ನೇಯಿ. ಅಣ್ಣನ ಹಂಗ್ಯಾಕ?"

ಅಮಾತೆಪ್ಪ ತಲೆ ಎತ್ತಿದ. "ಆಕಿ ಇವತ್ತು ಬಂದಾಳ, ನಾಳೆ ಬರತಾಳೇನು? ಪ್ರಭುನ ಹಾಸು ನಮ್ಮಪ್ಪನ ಕಾಲದಿಂದ ಬಂದೈತಿ. ಕೆಳಗ ಇಳದು ಕುಂತವರ ಹೆಸರು ಮ್ಯಾಲೆ ಹಾಕೂಮುಂದ ಒಂದು ಮಾತು ಕೇಳಬೇಕಿಲ್ಲೇನವ್ವಾ? ಅಳಸು. ಅಳಿಸಿ, ನನ್ನ ಮಗ್ಗಕ್ಕ ಹಾಸು ಕೊಡಸು. ನಿನ್ನ ತಪ್ಪು ಮಾತಿನ್ಯಾಗ ಬ್ಯಾಡ ನನಗ."

ಮಾದೇವಿ ನಿಂತ ಕಾಲಮೇಲೆ ತಿರುಗಿದಳು.

ಮನೆಗೆ ಬಂದು ಹೆಸರಿನ ಬದಲು ಅಂಕಿ ಹಾಕಿದಳು. ಆದರೆ ಹಳೆಯ ವಿಳಾಸ ಇಟ್ಟುಕೊಂಡವರು ಊರೂರಲ್ಲಿ ಇದ್ದರಲ್ಲ? ಅವರು ಬಂದರೆ ಅದೇ ಸೀರೆ ತೆರೆದುಕೊಳ್ಳಬೇಕು, ತೆರೆದ ಕೂಡಲೇ ಮೇಲಿನ ಹೆಸರು ಹೋಗಿ ಅಂಕಿ ನಿಲ್ಲಬೇಕು. ಹಾಗೆ ಮಾಡಿ ಅಣ್ಣನಿಗೆ ತೋರಿಸಿದಳು. ಪ್ರಭು ಚಹಾ ಕುಡಿಯುತ್ತ ನೋಡಿದ.

"ಛಲೋ ಮಾಡಿದಿ. ಇನ್ನೊಂದು ಸಣ್ಣ ಕೆಲಸ. ಅಮಾತೆಪ್ಪನ ಹೆಸರು ಹಿಡಕೊಂಡು ಯಾರು ಬಂದ್ರೂ ಅವರಿಗೆ ಅಗ್ಗದ ಪವರ್‌ಲೂಮಿನ ಸೀರಿ ತೋರಸು, ಅದs ಕಿಮ್ಮತ್ತಿಗೆ. ಒಂದು ಸಲಾ ಒಗದ್ರ ಬಣ್ಣಾ ಹೋಗಬೇಕು. ಅಮಾತೆಪ್ಪನ ಸೀರಿ ಅಂದ್ರ ಮಂದಿ ಉಗಳಬೇಕು. ಆಮ್ಯಾಲ ಯಾವ ನಜಮಾ ಅವನ ಕಟ್ಟಿ ಏರತಾಳ ನೋಡತೇನಿ."

"ಒಲ್ಲೆ."

"ಏನು?"

"ಇದು ಆ ಸೀರಿ ಇರೂ ಜಾಗಾ ಅಂತ ಹೇಳಿ ಮಂದಿಗೆ ವಿಳಾಸ ಕೊಟ್ಟೇನಿ. ಅಲ್ಲಿ ಬ್ಯಾರೆ ಸೀರಿ ಇಡಾಕ ನನ್ನ ಕೈಯಿಂದ ಆಗೂದಿಲ್ಲ."

"ಮಂದಿಗೆ ಹುಟ್ಟಿದಿ ಏನು ನೀ? ಈ ಮನ್ಯಾಗ ಇರಬೇಕಂದ್ರ ಮಾಡು. ಇಲ್ಲಂದ್ರ ಪಾಸ್‌ವರ್ಡ್ ಕೊಡು, ಬಾಗಲಕೋಟಿಂದ ಒಬ್ಬನ್ನ ಕರಸ್ತೇನಿ."

ಪಾಸ್‌ವರ್ಡ್ ಎಂಬ ಮಾತು ಅವನೇ ತೆಗೆದದ್ದು. ಅಲ್ಲಿಯವರೆಗೆ ಆಕೆಗೆ ಆ ಯೋಚನೆ ಇರಲಿಲ್ಲ. ಈಗ ಹೊಳೆಯಿತು: ಅಂಗಡಿಯ ಬೀಗ ಅಣ್ಣನ ಕೈಯಲ್ಲಿರಬಹುದು, ನೆಟ್ಟಿನ ಬೀಗ ತನ್ನ ಕೈಯಲ್ಲಿದೆ; ಮದುವೆ ಸುಗ್ಗಿ ನಡುವಿನಲ್ಲಿದೆ.

"ಅಮಾತೆಪ್ಪ ಕಾಕಾಗ ಹಾಸು ಕೊಡು" ಎಂದಳು. "ಅವನ ಮಗ್ಗ ನಡಿಯೂತನಕ ನಿನ್ನ ಸೈಟ್ ನಡೀತೈತಿ. ಎಲ್ಲಾ ಸೀರಿ ಅದರದರ ಜಾಗಾದಾಗ ಇರ್ತಾವ. ಅವನ ಮಗ್ಗ ನಿಂತ ದಿನಾ ನಿನ್ನ ಅಂಗಡಿ ನೆಟ್‌ನ್ಯಾಗ ಕಾಣೂದಿಲ್ಲ."

ಪ್ರಭು ಚಹಾದ ಬಟ್ಟಲು ಗೋಡೆಗೆ ಬೀಸಿದ. ಸುಮಾ ಮೆಟ್ಟಿಲಲ್ಲಿ ನಿಂತು, "ಹೆಣ್ಣು ಮಗಳಂತ ಕಟಗೊಂಡು ಹಾವಿಗೆ ಹಾಲು ಎರದ್ವಿ" ಎಂದಳು. ಆಚೆಮನೆಯ ಮಾಳಿಗೆಯ ಮೇಲೂ ತಲೆಗಳು ಎದ್ದವು.

ಎರಡು ದಿನ ಕಳೆದವು. ಬೇಡಿಕೆಗಳು ಬರುತ್ತಲೇ ಇದ್ದವು, ಅದರಲ್ಲಿ ಅರ್ಧ ದಾಳಿಂಬಕ್ಕೇ. ಮೂರನೆಯ ದಿನ ಪ್ರಭು ಆಳಿನ ಕೈಯಲ್ಲಿ ಅಮಾತೆಪ್ಪನಿಗೆ ಹಾಸು ಕಳಿಸಿದ. ಬಂದು ಪಡಸಾಲೆಯಲ್ಲಿ ನಿಂತು, ಮಾಳಿಗೆಯ ಕಡೆ ನೋಡದೆ ಹೇಳಿದ: "ಕೊಟ್ಟೇನಿ. ನನ್ನ ಕೊರಳಿಗೆ ಹಗ್ಗಾ ಹಾಕಿದಾಕಿ ನನ್ನ ಮನ್ಯಾಗ ಊಟಾ ಮಾಡಬಾರದು. ನಾಳೆ ಮುಂಜಾನಿ ಮಾಳಿಗಿ ಖಾಲಿ ಇರಬೇಕು."

ಮಾದೇವಿ ಬೇಡಿಕೊಳ್ಳಲಿಲ್ಲ. ನವನಗರದ ಒಂದು ಕಂಪ್ಯೂಟರ್ ಕ್ಲಾಸಿನವರು ಕಲಿಸಲು ಜನ ಬೇಕೆಂದಿದ್ದರು. ಅವರಿಗೆ ಫೋನ್ ಮಾಡಿ ಬರುತ್ತೇನೆಂದಳು. ಇರಲು ಒಂದು ಕೋಣೆ ಹುಡುಕಿ ಕೊಡಲು ನಜಮಾಗೆ ಹೇಳಿದಳು. "ಬರ್ರಿ, ಆದ್ರ ಜಗಳ ಅಲ್ಲೇ ಬಿಟ್ಟು ಬರ್ರಿ" ಎಂದು ನಜಮಾ ಅಂದರೆ, "ಅದೊಂದs ನಂದು, ಬಿಟ್ಟು ಹೆಂಗ ಬರಲಿ?" ಎಂದಳು.

ಮುಂಜಾನೆ ಕಂಪ್ಯೂಟರನ್ನು ಹಳೆಯ ಕೌದಿಯಲ್ಲಿ ಸುತ್ತಿ, ಎರಡು ಸಲ ಮೆಟ್ಟಿಲು ಇಳಿದು ಹತ್ತಿ ಆಟೋದಲ್ಲಿ ಇಟ್ಟಳು. ಯಾರೂ ಕೈ ಹಚ್ಚಲಿಲ್ಲ. ನೆಟ್ಟಿನ ಪಾಸ್‌ವರ್ಡ್ ಆಕೆಯ ಬಳಿಯೇ ಉಳಿಯಿತು. ಬಾಗಿಲ ಮುಂದಿನ ಹಾದಿಯಲ್ಲಿ ಅಮಾತೆಪ್ಪ ಸೆರಗಿನ ರೇಷ್ಮೆಯ ಗಂಟು ಹೊತ್ತು ಹೊರಟಿದ್ದ. ಆಕೆಯನ್ನು ನೋಡಿಯೂ ನೋಡದವನಂತೆ ದಾಟಿದ. ಪ್ರಭುವಿನ ಬಾಗಿಲ ಮುಂದೆ ಮಾದೇವಿಯ ಜೊತೆ ಮಾತಾಡುವ ಧೈರ್ಯ ಅವನಿಗೆಲ್ಲಿಂದ ಬರಬೇಕು?

ಕಡೆಗೊಮ್ಮೆ ಚಪ್ಪಲಿ ಮೆಟ್ಟಿಕೊಳ್ಳುವಾಗ ಸುಮಾ ಒಳಗಿನಿಂದ ಕೇಳಿದಳು: "ಮತ್ತ ಯಾವಾಗ ಬರಾಕಿ?"

"ನೀ ಕರದಾಗ, ವೈನಿ."

"ನಾ ಕರಿಯಾಕಿ ಅಲ್ಲ."

"ಗೊತ್ತೈತಿ" ಎಂದಳು ಮಾದೇವಿ. ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊಸ್ತಿಲು ದಾಟಿದಳು. ಆಟೋದವನಿಗೆ ಬಸ್‌ಸ್ಟ್ಯಾಂಡ್ ಎಂದು ಹೇಳಿ, ಕೌದಿಯ ಗಂಟನ್ನು ತೊಡೆಯ ಮೇಲೆ ಎಳೆದುಕೊಂಡು ಕೂತಳು.