ಬಂಡೆಯ ಮೇಲೆ ಭಂಡಾರದ ಕೈ

ಈ ಸಂಗತಿಯನ್ನು ನಾನು ಓಣಿಯಲ್ಲಿ ಕಂಡಕಂಡವರಿಗೆಲ್ಲ ಹೇಳಿ ಮುಗಿಸಿದ್ದೇನೆ. ಈಗ ನನ್ನನ್ನು ದೂರದಿಂದ ನೋಡಿದರೆ ಸಾಕು, ಜನ ಬೇರೆ ದಾರಿ ಹಿಡಿಯುತ್ತಾರೆ. ಹೇಳುವ ಹುಕಿ ಮಾತ್ರ ತೀರಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವನು, ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ.

ನನ್ನ ಮೊಮ್ಮಗಳಿಗೆ ಬಂಡೆ ಏರುವ ಹುಚ್ಚು. ಕಾಲೇಜಿನವರು ಒಮ್ಮೆ ಬಾದಾಮಿಗೆ ಶಿಬಿರಕ್ಕೆ ಕರೆದುಕೊಂಡು ಹೋದದ್ದೇ ನೆಪ, ಹಿಡಿಯಿತು ನೋಡಿ. ಅಲ್ಲೊಂದು ಕೆಂಪು ಬಂಡೆಯನ್ನು ಮುಕ್ಕಾಲು ಏರಿ, ಕೈ ಸೋತು ಇಳಿದು ಬಂದಿದ್ದಳಂತೆ. ಊಟಕ್ಕೆ ಕೂತರೂ ತಾಟಿನ ಅಂಚಿನ ಮೇಲೆ ಬೆರಳು ಓಡಿಸುತ್ತ ಆ ಬಂಡೆಯನ್ನೇ ಏರುತ್ತಿದ್ದಳು. ಈ ಚಳಿಗಾಲದಲ್ಲಿ ಅದರ ತುದಿ ಮುಟ್ಟಿಯೇ ಬರುತ್ತೇನೆ ಎಂದು ಮನೆಯ ಹಳೆಯ ಜೀಪಿಗೆ ಎಣ್ಣೆ ಹಾಕಿಸಿದಳು. ಇಳಕಲ್ಲಿನಿಂದ ಹುನಗುಂದ, ಅಲ್ಲಿಂದ ಬಾಗಲಕೋಟೆ, ಆಮೇಲೆ ಬಾದಾಮಿ. ನೆಟ್ಟಗೆ ಹೋಗದೆ ಈ ಸುತ್ತು ಯಾಕೆಂದರೆ, ಏರುವವರಿಗೆ ಕೆಳಗೊಬ್ಬರು ಜೊತೆ ಬೇಕು. ಏರುವವಳ ಸೊಂಟದ ಹಗ್ಗದ ಇನ್ನೊಂದು ಕಡೆ ಕೆಳಗೆ ನಿಂತವರ ಕೈಯಲ್ಲಿರುತ್ತದೆ. ಮೇಲಿನವಳು ಜಾರಿದರೆ ಕೆಳಗಿನವರು ತಡೆದು ಹಿಡಿಯಬೇಕು. ನಮ್ಮೂರಲ್ಲಿ ಅಂಥವರು ಸಿಗಲಿಲ್ಲ. ಫೋನಿನಲ್ಲಿ ವಿಚಾರಿಸುತ್ತ, ದಾರಿಯಲ್ಲಿ ಸಿಕ್ಕವರನ್ನು ಕೂಡಿಸಿಕೊಂಡು ಹೋಗುವುದು ಅವಳ ಹಂಚಿಕೆ.

ನಾನು ಕಲ್ಲಿನ ಖಣಿಯಲ್ಲಿ ದುಡಿದು ಮುದುಕನಾದವನು. ಒಮ್ಮೆ ಕ್ರೇನಿನ ತಂತಿ ಹಗ್ಗ ಹರಿದು, ನಾನು ಉಣ್ಣುತ್ತ ಕೂತಿದ್ದ ಜಾಗದಲ್ಲೇ ಕಲ್ಲು ಬಿತ್ತು. ನೀರು ಕುಡಿಯಲು ಎದ್ದು ಹೋಗಿದ್ದೆ, ಉಳಿದೆ. ಬುತ್ತಿ ಡಬ್ಬಿ ರೊಟ್ಟಿಯ ಹಾಗೆ ತಟ್ಟಿಸಿಕೊಂಡು ಸಿಕ್ಕಿತು. ಅಂದಿನಿಂದ ಹಗ್ಗಕ್ಕೆ ಜೋತುಬಿದ್ದದ್ದು ಏನೇ ಕಂಡರೂ, ಬಾವಿಯ ಕೊಡ ಕಂಡರೂ, ನಾನು ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ. ಈಗ ಹಗ್ಗಕ್ಕೆ ಜೋತುಬೀಳುವವಳು ನನ್ನ ಮೊಮ್ಮಗಳು.

“ನಾನೂ ಬರ್ತೇನಿ,” ಅಂದೆ. “ಹಗ್ಗಾ ಹಿಡಿಯೋರನ್ನ ನಾ ನೋಡಿ ಹೂಂ ಅಂದ್ರಷ್ಟ ನೀ ಏರಬೇಕು.”

“ವರಾ ನೋಡಾಕ ಹೊಂಟೀಯೇನ ಮುತ್ಯಾ?”

“ವರಾ ಖೊಟ್ಟಿ ಬಿದ್ರ ಮನಿಗೆ ಕರಕೊಂಡ ಬರಬಹುದು. ಇವ್ರು ಖೊಟ್ಟಿ ಬಿದ್ರ ಯಾರನ್ನ ಕರಕೊಂಡ ಬರ್ಲಿ?”

ಅವಳು ನಕ್ಕಳು. ನಾನು ನಗಲಿಲ್ಲ. ನಮ್ಮ ಮನೆದೇವರು ಬೀರಪ್ಪನ ಭಂಡಾರದ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಭಂಡಾರವೆಂದರೆ ದೇವರ ಅರಿಷಿಣದ ಪುಡಿ. ಅದಿಲ್ಲದೆ ನಾನು ದೂರದ ದಾರಿಗೆ ಹೊಸ್ತಿಲು ದಾಟಿದವನಲ್ಲ.

ಹುನಗುಂದದ ಬಸ್ ನಿಲ್ದಾಣದ ಹತ್ತಿರ ಮೊದಲನೆಯವನು ಸಿಕ್ಕ. ಕಟ್ಟುಮಸ್ತಾದ ಹುಡುಗ, ತೋಳು ನೋಡಿ ನನಗೂ ತುಸು ಧೈರ್ಯ ಬಂತು. ಚಹಾದಂಗಡಿಯಲ್ಲಿ ಕೂತೆವು. ನಮ್ಮ ಖಣಿಯಲ್ಲಿ ಹೊಸಬ ಬಂದರೆ ಮೇಸ್ತ್ರಿ ತನ್ನ ಟವೆಲ್ಲಿನ ಒಂದು ತುದಿಯನ್ನು ಅವನ ಕೈಗೆ ಕೊಟ್ಟು, ಊರು ಮನೆ ಮಾತಾಡಿಸುತ್ತ, ನಡುವೆ ತಟ್ಟನೆ ಜಗ್ಗುತ್ತಿದ್ದ. ಬಿಟ್ಟವನನ್ನು ಹಗ್ಗದ ಕೆಲಸಕ್ಕೆ ಹಾಕುತ್ತಿರಲಿಲ್ಲ. ನಾನೂ ಹಾಗೇ ಟವೆಲ್ ಕೊಟ್ಟೆ. ಹುಡುಗ ಒಂದು ಕೈಯಲ್ಲಿ ಅದನ್ನು ಹಿಡಿದು, ಇನ್ನೊಂದು ಕೈಯಲ್ಲಿ ಫೋನು ಉಜ್ಜುತ್ತಿದ್ದ. ಜಗ್ಗಿದೆ. ಟವೆಲ್ಲು ಪೂರ್ತಿ ನನ್ನ ಮಡಿಲಿಗೆ ಬಂತು. ಅವನಿಗೆ ಗೊತ್ತೂ ಆಗಲಿಲ್ಲ.

“ತಮ್ಮಾ, ಹಗ್ಗಾ ಹಿಡಿದಾಗೂ ಹಿಂಗ ಫೋನ್ ನೋಡ್ತೀಯೇನ?”

“ಏನ್ರಿ ಅಜ್ಜಾರ, ನಂಬಿಕಿ ಇಲ್ಲಂದ್ರ ನೀವ ಹಿಡೀರಿ!” ಎಂದು ಸಿಟ್ಟಿನಿಂದ ಎದ್ದು ಹೋದ.

ಮೊಮ್ಮಗಳ ಮುಖ ಇಳಿಯಿತು. ನನಗೆ ಒಳಗೊಳಗೇ ಹಾಲು ಕುಡಿದಂತಾಯಿತು. ಜೊತೆ ಇಲ್ಲ, ಏರುವುದಿಲ್ಲ, ಸಂಜೆಗೆ ಮನೆ. ಅಮೀನಗಡದಲ್ಲಿ ಕರದಂಟು ಕೊಡಿಸಿ ಸಮಾಧಾನ ಮಾಡಿದರಾಯಿತು ಎಂದು ಜೀಪು ನಿಲ್ಲಿಸಲು ಹೇಳಿದೆ. ನಾನು ಕರದಂಟು ಕಟ್ಟಿಸಿಕೊಂಡು ಬರುವಷ್ಟರಲ್ಲಿ ಅವಳು ಫೋನು ಕೆಳಗಿಡುತ್ತಿದ್ದಳು.

“ವಿದ್ಯಾಗಿರಿಯಾಗ ಒಬ್ಬಾಕಿ ಬರ್ತಾಳಂತ, ಮುತ್ಯಾ!”

ಕೈಯಲ್ಲಿದ್ದ ಕರದಂಟು ಕಲ್ಲಿನಷ್ಟು ಭಾರವಾಯಿತು.

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಹಾಸ್ಟೆಲ್ ಬಾಗಿಲಿಗೆ ಬಂದು ನಿಂತವಳನ್ನು ನೋಡಿ ನನಗೆ ಜೀವವೇ ಬಾಯಿಗೆ ಬಂತು. ಜೋಳದ ದಂಟಿನಂಥ ಹುಡುಗಿ. ಬೆನ್ನಿನ ಚೀಲವೇ ಅವಳನ್ನು ಹೊತ್ತು ತಂದಂತಿತ್ತು. ನನ್ನ ಮೊಮ್ಮಗಳು ಗಟ್ಟಿ ಆಳು; ಇವಳು ಅವಳನ್ನು ಹೇಗೆ ತಡೆದಾಳು?

“ಯವ್ವಾ, ಉಂಡೀಯೇನ?” ಅಂದೆ. ಬೇರೆ ಮಾತು ತೋಚಲಿಲ್ಲ.

“ಉಂಡೇನ್ರಿ ಅಜ್ಜಾರ. ಎಲ್ಲಾರೂ ಇದನ್ನ ಕೇಳ್ತಾರ,” ಎಂದು ನಕ್ಕಳು.

ಟವೆಲ್ ಕೊಟ್ಟೆ. ತಂದೆ ತಾಯಿ ಎಲ್ಲಿ, ಏನು ಓದುತ್ತಿ ಎಂದು ಕೇಳುತ್ತ ಕೇಳುತ್ತ, ಇದ್ದ ಕಸುವನ್ನೆಲ್ಲ ಹಾಕಿ ಜಗ್ಗಿದೆ. ಹುಡುಗಿ ಮುಗ್ಗರಿಸಿ ನನ್ನ ಎದೆಗೇ ಬಂದು ಬಿದ್ದಳು. ಟವೆಲ್ ಮಾತ್ರ ಬಿಟ್ಟಿರಲಿಲ್ಲ.

“ಏನ್ ಮಾಡಾಕತ್ತೀರಿ ಅಜ್ಜಾರ?”

“ಏನಿಲ್ಲವಾ. ಜೀಪ್ ಹತ್ತು,” ಅಂದೆ. ಬೇಡವೆನ್ನಲು ನನ್ನ ಬಳಿ ಇನ್ನೇನೂ ಉಳಿದಿರಲಿಲ್ಲ.

ಬಾದಾಮಿಯ ಬಂಡೆಯ ಬುಡದಲ್ಲಿ ತಲೆಯೆತ್ತಿ ನೋಡಿದೆ. ಟೋಪಿ ಹಿಂದೆ ಬಿತ್ತು. ಇಟ್ಟಿಗೆ ಬಣ್ಣದ ಗೋಡೆ ಆಕಾಶಕ್ಕೆ ಹೋಗಿ ಸೇರಿತ್ತು. ಮೇಲೆ ಮಂಗಗಳು ಕೂತು ನಮ್ಮ ಬುತ್ತಿಯನ್ನೇ ನೋಡುತ್ತಿದ್ದವು. ಹುಡುಗಿಯರು ಸೊಂಟಕ್ಕೆ ಪಟ್ಟಿ ಬಿಗಿದು, ಗಂಟು ಹಾಕಿ, ಒಬ್ಬರ ಗಂಟನ್ನು ಇನ್ನೊಬ್ಬರು ಜಗ್ಗಿ ನೋಡಿದರು. ಮೊಮ್ಮಗಳು ಬೂಟು ಹಾಕಿಕೊಳ್ಳಲು ಆಚೆ ಕೂತಳು. ನನ್ನ ಪಕ್ಕದಲ್ಲಿ ಅವಳ ಸಣ್ಣ ಚೀಲವಿತ್ತು. ಕೈ ಬೆವರಿದರೆ ಹಚ್ಚಿಕೊಳ್ಳುವ ಬಿಳಿ ಪುಡಿಯ ಚೀಲ. ಇವಳು ಮೇಲೆ ಒಬ್ಬಳೇ ಹೋಗುತ್ತಾಳಲ್ಲ, ದೇವರು ಜೊತೆಗಿರಲಿ ಎಂದು ನನ್ನ ಭಂಡಾರವನ್ನು ಪೂರ್ತಿ ಅದರೊಳಗೆ ಸುರಿದು ಬಾಯಿ ಮುಚ್ಚಿದೆ.

ಏರತೊಡಗಿದಳು. ಬಂಡೆಗೆ ಮೊದಲೇ ಬಡಿದಿಟ್ಟ ಕಬ್ಬಿಣದ ಬಳೆಗಳಿದ್ದವು; ಒಂದೊಂದಕ್ಕೂ ಹಗ್ಗ ಸಿಕ್ಕಿಸುತ್ತ ಮೇಲೆ ಹೋದಳು. ನನ್ನ ಕಣ್ಣು ಮಂಜು. ದೂರ ಹೋದಂತೆ ಅವಳು ಬರೀ ಒಂದು ನೀಲಿ ಚುಕ್ಕೆಯಾದಳು. ಆದರೆ ಅವಳು ಹಿಡಿದ ಕಡೆಯಲ್ಲೆಲ್ಲ ಹಳದಿ ಕೈ ಮೂಡುತ್ತಿತ್ತು. ಒಂದು, ಅದರ ಮೇಲೊಂದು. ಬೀರಪ್ಪ ಏರುತ್ತಿದ್ದಾನೆ ಎಂದು ಕೈ ಮುಗಿದೆ. ಮುಗಿದ ಕೈ ಹಾಗೇ ನಿಂತಿತು. ಅರಿಷಿಣ ನುಣುಪಲ್ಲವೇ? ಕಲ್ಲಿನ ಮೇಲೆ ಅದು ಜಾರುವುದಿಲ್ಲವೇ? ಕೂಗಬೇಕೆಂದು ಬಾಯಿ ತೆರೆದೆ.

ನೀಲಿ ಚುಕ್ಕೆ ಬಂಡೆಯಿಂದ ಕಳಚಿಕೊಂಡಿತು.

ಹಗ್ಗ ಬಿಗಿಯಿತು. ದಂಟಿನಂಥ ಹುಡುಗಿ ನನ್ನ ಕಣ್ಣೆದುರಿಗೇ ನೆಲ ಬಿಟ್ಟು ಮೇಲೆದ್ದಳು, ಎದೆಯೆತ್ತರಕ್ಕೆ ಹೋಗಿ ಬಂಡೆಗೆ ಕಾಲು ಕೊಟ್ಟು ನಿಂತಳು. ಬಿಡಲಿಲ್ಲ. ಮೇಲೆ ನನ್ನ ಮೊಮ್ಮಗಳು ತೂಗುತ್ತಿದ್ದಳು. ಖಣಿಯ ಆ ದಿನದಂತೆಯೇ ನನ್ನ ಕಿವಿ ಕಟ್ಟಿಹೋಗಿತ್ತು. ಮೊದಲು ಕೇಳಿದ್ದು ಅವಳ ದನಿ.

“ಮುತ್ಯಾ! ಚೀಲದಾಗ ಏನ್ ಹಾಕೀಯೋ?”

“ಭಂಡಾರ ಯವ್ವಾ… ಇಳೀ ನಮ್ಮವ್ವಾ, ಇಳಿದ ಬಾ…”

ಇಳಿಸಿದರು. ಬೈಯುತ್ತಾಳೆಂದು ನಿಂತಿದ್ದೆ. ಅವಳು ತನ್ನ ಅರಿಷಿಣದ ಅಂಗೈ ನೋಡಿಕೊಂಡು, “ನನ್ನ ಮದುವಿ ಹೆಣ್ಣ ಮಾಡಿದೆಲ್ಲೋ,” ಎಂದು ನಕ್ಕಳು. ಕೈ ಜಾರಿದ್ದಲ್ಲ, ಕಾಲು ಜಾರಿ ಬಿದ್ದೆ ಎಂದಳು. ನಾನು ಅದನ್ನು ಆಗ ನಂಬಲಿಲ್ಲ, ಈಗಲೂ ನಂಬಿಲ್ಲ. ನೀರಿನಿಂದ ಕೈ ತೊಳೆದು ಗೆಳತಿಯ ಪುಡಿಚೀಲ ಕಟ್ಟಿಕೊಂಡಳು. ಮತ್ತೆ ಏರುತ್ತಾಳೆ ಎಂದು ಗೊತ್ತಾಗಿ ಅಡ್ಡ ಹೋಗಿ ನಿಂತೆ.

“ಸಾಕು ಯವ್ವಾ. ನಿನ್ನ ಕಾಲ ಬೀಳ್ತೇನಿ.”

“ಮುತ್ಯಾ, ಬಿದ್ದೆ ಹೌದಲ್ಲ? ಏನಾತು? ಆಕಿ ಹಿಡದ್ಳು.”

ಖರೆ, ಹಿಡಿದಿದ್ದಳು.

ಆಗ ಆ ಹುಡುಗಿ ಅಂದಳು: “ಅಜ್ಜಾರ, ನಾ ಭಾಳ ಹಗುರ ಅದೇನಿ. ನೀವು ನನ್ನ ಹಿಂದ ಕೂಡ್ರಿ. ನಿಮ್ಮ ಭಾರ ನನಗ ಬೇಕು.”

ನನ್ನನ್ನು ಒಂದು ಕಲ್ಲಿಗೆ ಕಾಲು ಒತ್ತಿ ಕೂಡಿಸಿ, ಅವಳ ಸೊಂಟದಿಂದ ನನ್ನ ಸೊಂಟಕ್ಕೆ ಗಟ್ಟಿ ಪಟ್ಟಿಯೊಂದನ್ನು ಕಟ್ಟಿದರು. ನಾನು ಎರಡೂ ಕೈಯಿಂದ ಆ ಪಟ್ಟಿಯನ್ನು ಹಿಡಿದೆ. ಮೊಮ್ಮಗಳು ಹಳದಿ ಕೈಗಳ ಮೇಲೆ ಕೈಯಿಟ್ಟು ಏರಿದಳು. ಬಿದ್ದ ಜಾಗಕ್ಕೆ ಬಂದಳು. ಹಳದಿ ಕೈ ಅಲ್ಲಿಗೆ ಮುಗಿದಿತ್ತು. ಬಹಳ ಹೊತ್ತು ಅಲ್ಲೇ ಅಂಟಿಕೊಂಡಿದ್ದಳು. ಆಮೇಲೆ ಅದರ ಮೇಲೊಂದು ಬಿಳಿ ಕೈ ಮೂಡಿತು. ಇನ್ನೊಂದು. ಮತ್ತೊಂದು.

ತುದಿಯಿಂದ ಕೇಕೆ ಬಂತು. ಮಂಗಗಳು ಓಡಿದವು. ನಾನೂ ಕೂಗಿದೆನಂತೆ; ನನಗೆ ನೆನಪಿಲ್ಲ.

“ಮುತ್ಯಾ, ಕಲ್ಲ ಬಿಡ್ಲೇನ? ಹಿಡದೀರೇನ?”

ಇಳಿಯಬೇಕಾದರೆ ಕಲ್ಲು ಬಿಟ್ಟು ಪೂರ್ತಿ ಹಗ್ಗಕ್ಕೆ ಕೂರಬೇಕು. ಹುಡುಗಿ ನನ್ನ ಕಡೆ ತಿರುಗಿ ನೋಡಿದಳು. ಪಟ್ಟಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ.

“ಬಿಡವ್ವಾ,” ಅಂದೆ. “ಹಿಡದೇವಿ.”

ಬಿಟ್ಟಳು. ಹಕ್ಕಿಯ ಹಾಗೆ ಮೆಲ್ಲಗೆ ಇಳಿದು ಬಂದು ನನ್ನ ಮುಂದೆ ನಿಂತಳು. ಬೆವರು, ಕೆಂಪು ಧೂಳು, ಉಗುರಿನ ಸಂದಿಯಲ್ಲಿ ಅರಿಷಿಣ. ನನ್ನ ಕಣ್ಣಿಂದ ನೀರು ಹರಿಯುತ್ತಿತ್ತು, ನಗುವೂ ಬರುತ್ತಿತ್ತು.

“ಅಜ್ಜಾರ, ಪಟ್ಟಿ ಬಿಡ್ರಿ ಇನ್ನ,” ಎಂದಳು ಹುಡುಗಿ.

ಬಿಡಬೇಕೆಂದೇ ನೋಡಿದೆ. ಬೆರಳು ಬಿಚ್ಚಲಿಲ್ಲ. ಒಬ್ಬಳು ಬಲಗೈ, ಒಬ್ಬಳು ಎಡಗೈ ಹಿಡಿದು, ಕೂಸಿನ ಮುಷ್ಟಿ ಬಿಡಿಸುವಂತೆ ಒಂದೊಂದೇ ಬೆರಳು ಬಿಡಿಸಿದರು.

“ಟವೆಲ್ ಪರೀಕ್ಷಾದಾಗ ಮುತ್ಯಾ ಪಾಸ್,” ಎಂದಳು ಮೊಮ್ಮಗಳು.