ಬ್ಯಾಟರಿಗೆ ಮೂರು ಊರು

ನಮ್ಮ ಕಾರು ಕೀಲಿಕೈಗೆ ಓಗೊಡುವುದನ್ನು ಬಿಟ್ಟು ಎರಡು ತಿಂಗಳಾಗಿತ್ತು. ಕೀಲಿ ತಿರುಗಿಸಿದರೆ ಒಳಗೆಲ್ಲೋ ‘ಟಕ್’ ಎಂದು ಒಂದು ಸದ್ದು, ಅಷ್ಟೇ. ಗುಬ್ಬಿಯಲ್ಲಿ ನಮ್ಮ ಮನೆಯಿದ್ದ ಬೀದಿ ಸಪಾಟು. ಹಾಗಾಗಿ ಯಜಮಾನರು ಕಾರನ್ನು ಕೆರೆ ಏರಿಯಿಂದ ಇಳಿಯುವ ದಾರಿಯ ಪಕ್ಕದಲ್ಲಿ ನಿಲ್ಲಿಸಿ, ಮುಂದಿನ ಚಕ್ರಕ್ಕೆ ಒಂದು ಕಲ್ಲು ಅಡ್ಡ ಕೊಟ್ಟು ಬರುತ್ತಿದ್ದರು. ಬೆಳಿಗ್ಗೆ ಕಲ್ಲು ತೆಗೆದರೆ ಕಾರು ತಾನಾಗಿ ಉರುಳುತ್ತಿತ್ತು. ಎರಡನೇ ಗೇರಿನಲ್ಲಿಟ್ಟು ಕ್ಲಚ್ಚು ಬಿಟ್ಟರೆ ಒಂದು ಸಲ ಮುಗ್ಗರಿಸಿ, ಕೆಮ್ಮಿ, ಹೊರಡುತ್ತಿತ್ತು. ಸಂತೆಗೆ ಹೋಗಲಿ, ನೆಂಟರ ಮನೆಗೆ ಹೋಗಲಿ, ಮೊದಲು ಇಳಿಜಾರು ಎಲ್ಲಿದೆ ಎಂದು ನೋಡಿಕೊಂಡೇ ನಾವು ಕಾರಿನಿಂದ ಇಳಿಯುತ್ತಿದ್ದುದು.

ಇದು ಈಗ್ಗೆ ಆರೇಳು ವರ್ಷದ ಮಾತು. ಯಜಮಾನರದು ಕೊಬ್ಬರಿ ವ್ಯಾಪಾರ. ಅವರ ಬಲಗಣ್ಣು ಮಂಜಾಗತೊಡಗಿತ್ತು. ಸಂಜೆ ಎದುರಿಗೆ ಬರುವ ಲಾರಿಯ ದೀಪ ಎರಡಿದ್ದದ್ದು ನಾಲ್ಕಾಗಿ ಕಾಣುತ್ತದೆ ಎನ್ನುತ್ತಿದ್ದರು. ಒಂದು ದಿನ ಊಟಕ್ಕೆ ಕೂತವರು ಹೇಳಿದರು:

“ಕಾರು ಮಾರ್ಬಿಡೋಣ ಕಣೇ. ಕಡಬದೋರೊಬ್ರು ಕೇಳ್ತಾವ್ರೆ.”

ಸಾರು ಬಡಿಸುತ್ತಿದ್ದ ನಾನು, ಬಾಯಿಗೆ ಹೇಗೆ ಬಂತೋ ಕಾಣೆ, “ನಾನು ಕಲ್ತ್ಕೊಂಡ್ರೆ?” ಎಂದುಬಿಟ್ಟೆ.

ಆಗ ನನಗೆ ಮೂವತ್ತೊಂಬತ್ತು ವರ್ಷ. ಅವರು ನಗಲಿಲ್ಲ. “ಕಲ್ತ್ಕೋ. ಲೈಸೆನ್ಸ್ ಬಂದ್ರೆ ಇಟ್ಕೊಳ್ಳೋಣ, ಬರ್ದೇ ಇದ್ರೆ ಕಡಬಕ್ಕೆ ಕಳ್ಸೋಣ” ಎಂದರು. ಕಲಿಯುವವರಿಗೆ ಕೊಡುವ ಎಲ್‌ಎಲ್‌ಆರ್ ಮಾಡಿಸಿದ್ದಾಯಿತು. ನಿಟ್ಟೂರು ರಸ್ತೆಯಲ್ಲಿ ಅವರು ಪಕ್ಕ ಕೂತು ಬೈಯುತ್ತಾ, ನಾನು ಬೈಸಿಕೊಳ್ಳುತ್ತಾ ಕಲಿತದ್ದೂ ಆಯಿತು. ಸ್ಟೀರಿಂಗು ಹಿಡಿದು ಕೂತಾಗ ನನಗೆ ಆಗುತ್ತಿದ್ದ ಸಂತೋಷವನ್ನು ಯಾರಿಗೂ ಹೇಳಿಕೊಂಡಿರಲಿಲ್ಲ. ಹೇಳಿಕೊಳ್ಳುವಂಥ ವಯಸ್ಸೂ ಅಲ್ಲ. ಆದರೆ ಆ ಕಾರು ಕಡಬಕ್ಕೆ ಹೋಗುವುದು ನನಗೆ ಬೇಡವಾಗಿತ್ತು.

ತುಮಕೂರಿನಲ್ಲಿ ಟೆಸ್ಟಿಗೆ ಒಂದು ಸೋಮವಾರ ಗೊತ್ತಾಯಿತು. ಅದೇ ವಾರ ಎಲ್‌ಎಲ್‌ಆರ್ ಅವಧಿಯೂ ಮುಗಿಯುತ್ತಿತ್ತು. ಇನ್ನು ಹತ್ತು ದಿನವಿದೆ ಎನ್ನುವಾಗ ಯಜಮಾನರು ಬಚ್ಚಲಿನಿಂದಲೇ ಕೂಗಿ ಕೇಳಿದರು:

“ಲೇ, ಇನ್ಸ್‌ಪೆಕ್ಟರ್ ಮುಂದೆ ಗಾಡಿ ತಳ್ಳೋರ್ ಯಾರು?”

ಆಗ ಹೊಳೆಯಿತು ನೋಡಿ. ಟೆಸ್ಟಿನ ಮೈದಾನ ಸಪಾಟು. ಅಲ್ಲಿ ಕಾರು ಕೀಲಿಗೇ ಹೊರಡಬೇಕು. ಅಂದರೆ ಬ್ಯಾಟರಿ ಬದಲಾಯಿಸಲೇಬೇಕು. ಇಲ್ಲಿಂದ ನನ್ನ ತಲೆ ಕೆಟ್ಟಿತು. ಟೆಸ್ಟು ಪಾಸಾದರೆ ಕಾರು ನಮ್ಮದೇ, ಹೊಸ ಬ್ಯಾಟರಿ ಹಾಕಿಸಿದರೂ ನ್ಯಾಯ. ಫೇಲಾದರೆ ಮಾರುವ ಗಾಡಿಗೆ ಹೊಸ ಬ್ಯಾಟರಿ ಯಾಕೆ, ಯಾವುದೋ ಒಂದು ಅಗ್ಗದ್ದು ಸಾಕು. ಆದರೆ ಪಾಸೋ ಫೇಲೋ ಗೊತ್ತಾಗುವುದಕ್ಕೇ ಮೊದಲು ಬ್ಯಾಟರಿ ಬೇಕು! ಒಲೆ ಮುಂದೆ ಕೂತು ಇದನ್ನು ಎಷ್ಟು ಸಲ ತಿರುವಿ ಹಾಕಿದರೂ ಹೊರಟ ಕಡೆಗೇ ಬಂದು ನಿಲ್ಲುತ್ತಿದ್ದೆ.

ಆ ವಾರ ಕುಣಿಗಲ್ಲಿನಿಂದ ನನ್ನ ತಮ್ಮ ಬಂದ. ಅವನಿಗೆ ಹೆದ್ದಾರಿ ಪಕ್ಕದ ಲಾರಿ ಗ್ಯಾರೇಜಿನಲ್ಲಿ ಕೆಲಸ. ಮುದ್ದೆ ಮುರಿಯುತ್ತಲೇ ತೀರ್ಪು ಕೊಟ್ಟ.

“ಭಾವ, ಹೊಸದ್ ಗಿಸದು ಅಂತ ಎಲ್ಲೂ ಹೋಗ್ಬೇಡಿ. ನಮ್ ಗ್ಯಾರೇಜಲ್ಲಿ ಒಂದೈತೆ. ಎಂಟೇ ತಿಂಗ್ಳು ಓಡಿರೋದು. ಅರ್ಧ ರೇಟು.”

“ಯಾರ್ದೋ ಅದು?” ಎಂದು ಕೇಳಿದೆ.

“ಯಾರ್ದೋ ಕಣಕ್ಕ. ಬಿಟ್ಟೋದ್ರು. ಈಗ ನಮ್ದೇ.”

“ಬಿಟ್ಟೋದ್ರೋ, ನೀವ್ ಬಿಚ್ಕೊಂಡ್ರೋ?”

“ನೋಡಿ ಭಾವ, ಅಗ್ಗಕ್ಕೆ ಕೊಡ್ತೀನಿ ಅಂದ್ರೆ ಅಕ್ಕ ನನ್ನನ್ನೇ ಕಳ್ಳ ಮಾಡ್ತಾಳೆ!”

ಯಜಮಾನರು ನಕ್ಕರು. ಅದು ಲಾರಿಯದೋ ಕಾರಿನದೋ, ನಮ್ಮ ಕಾರಿನಲ್ಲಿ ಬ್ಯಾಟರಿ ಇಡುವ ತಟ್ಟೆಯಲ್ಲಿ ಕೂರುತ್ತದೋ ಇಲ್ಲವೋ ಎಂದು ಕೇಳಿದರೆ, “ಕೂರ್ಸಿದ್ರೆ ಕೂರ್ತದೆ ಬುಡಿ” ಎಂದ. ಆ ಮಾತಿನಿಂದ ನನಗೆ ಇನ್ನಷ್ಟು ಗೊಂದಲವಾಯಿತೇ ಹೊರತು ಧೈರ್ಯ ಬರಲಿಲ್ಲ.

ಗುಬ್ಬಿಯಲ್ಲೇ ಬಸ್‌ಸ್ಟ್ಯಾಂಡಿನ ಹಿಂದೆ ಬ್ಯಾಟರಿ ಚಾರ್ಜ್ ಮಾಡುವ ಒಬ್ಬ ಹಿರಿಯರಿದ್ದರು. ಹಣೆತುಂಬ ವಿಭೂತಿ. ಅಂಗಿಯ ತುಂಬ ಆಸಿಡ್ಡು ಸಿಡಿದ ತೂತು. ತಮ್ಮ ಕುಣಿಗಲ್ಲಿಗೆ ಹಿಂದಿರುಗಿದ ಮೇಲೆ, ಯಾವುದಕ್ಕೂ ನಮ್ಮ ಬ್ಯಾಟರಿಯನ್ನು ಅವರಿಗೊಮ್ಮೆ ತೋರಿಸೋಣವೆಂದು ನಾವಿಬ್ಬರೂ ಹೋದೆವು. ಅವರು ಬ್ಯಾಟರಿಯ ಆರು ಮುಚ್ಚಳವನ್ನೂ ತಿರುಗಿಸಿ ತೆಗೆದು, ಟಾರ್ಚು ಬಿಟ್ಟು ಇಣುಕಿದರು. ಆಮೇಲೆ ಟಾರ್ಚು ಆರಿಸಿ ನಮ್ಮ ಮುಖ ನೋಡಿದರು.

“ಇದುಕ್ಕೆ ಯಾವ್ ನೀರು ಹಾಕ್ತಿದ್ರಿ ತಾಯಿ?”

ನಾನು ಹೆಮ್ಮೆಯಿಂದಲೇ ಹೇಳಿದೆ. ಬ್ಯಾಟರಿ ಕೊಂಡ ದಿನ ಯಜಮಾನರು ಮನೆಗೆ ಬಂದು, “ತಿಂಗ್ಳಿಗೊಂದ್ಸಲ ಇದಕ್ಕೆ ಡಿಸ್ಟಿಲ್ ನೀರು ಹಾಕ್ಬೇಕಂತೆ, ಅಂದ್ರೆ ಕಾಯ್ಸಿ ಶುದ್ಧ ಮಾಡಿದ್ ನೀರು” ಎಂದಿದ್ದರು. ಅಂದಿನಿಂದ ಆ ಕೆಲಸ ನನ್ನದು. ತಿಂಗಳ ಮೊದಲ ಸೋಮವಾರ ಸ್ನಾನ ಮಾಡಿ, ಮನೆಯ ಬಾವಿ ನೀರನ್ನು ತಾಮ್ರದ ತಪ್ಪಲೆಯಲ್ಲಿ ಕುದಿಸಿ, ಆರಿಸಿ, ಬಿಳೀ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿ, ಅದಕ್ಕೆಂದೇ ಇಟ್ಟ ಲೋಟದಲ್ಲಿ ಆರು ಬಾಯಿಗೂ ಸಮವಾಗಿ ಹಾಕುತ್ತಿದ್ದೆ. ಆ ಲೋಟದಲ್ಲಿ ಯಾರಿಗೂ ಕಾಫಿ ಕೊಡುತ್ತಿರಲಿಲ್ಲ.

ಅವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡರು. “ಶಿವನೇ!” ಎಂದರು. “ತಾಯಿ, ನಿಮ್ಮನೆ ನೀರೊಲೆ ಹಂಡೆ ಒಳ್ಗೆ ಬೆಳ್ಳಗೆ ಸುಣ್ಣದಂಗೆ ಕಟ್ಟಲ್ವಾ?”

“ಕಟ್ತದೆ. ಹುಣಸೆಹಣ್ಣು ಹಾಕಿ ಉಜ್ತೀನಿ.”

“ಇದ್ರೊಳಗೆ ಹೆಂಗ್ ಉಜ್ತೀರಿ? ನಿಮ್ಮ ಬಾವಿ ಉಪ್ಪು ಕಾಯ್ಸಿದ್ರೆ ಹೋಗಲ್ಲ. ನೀರು ಹೋಗ್ತದೆ, ಉಪ್ಪು ಉಳೀತದೆ. ಇದಕ್ಕೆ ಹಾಕೋದು ಆವಿ ಹಿಡ್ದು ಇಳಿಸಿದ್ ನೀರು. ಬಾಟ್ಲೀಲಿ ಮಾರ್ತಾರೆ. ಒಳಗಿನ ಸೀಸದ ಪ್ಲೇಟೆಲ್ಲಾ ಹೋಗವೆ.”

ನಾನು ಯಜಮಾನರ ಕಡೆ ನೋಡಿದೆ. ಅವರು ರಸ್ತೆಯ ಕಡೆ ನೋಡುತ್ತಿದ್ದರು.

ಆ ಹಿರಿಯರು ತಮ್ಮ ಲೆಕ್ಕ ಹೇಳಿದರು. ಪೆಟ್ಟಿಗೆ ಇದೇ ಇರಲಿ, ಒಳಗಿನ ಹಳೇ ಪ್ಲೇಟು ತೆಗೆದು ಬೇರೆ ಪ್ಲೇಟು ಕೂರಿಸಿ, ಮೇಲೆ ಟಾರು ಹುಯ್ದು ಕೊಡುತ್ತಾರಂತೆ. ಹೊಸದರ ಅರ್ಧಕ್ಕಿಂತ ಕಡಿಮೆ. ಎಷ್ಟು ದಿನ ಬರುತ್ತದೆ ಎಂದರೆ, “ಅದು ನಮ್ಮ ಕೈಲೈತಾ?” ಎಂದು ಮೇಲೆ ತೋರಿಸಿದರು.

ದಾರಿಯಲ್ಲಿ ಯಜಮಾನರಿಗೆ ಇನ್ನೊಂದು ನೆನಪಾಯಿತು. ಬ್ಯಾಟರಿ ತುಮಕೂರಿನಲ್ಲಿ ಕೊಂಡದ್ದು, ಗ್ಯಾರಂಟಿ ಕಾರ್ಡಿದೆ, ಇನ್ನೂ ಎರಡು ತಿಂಗಳು ಬಾಕಿ! ಮನೆಗೆ ಬಂದು ಕಬ್ಬಿಣದ ಪೆಟ್ಟಿಗೆಯಲ್ಲಿ ಕಾರ್ಡು ಹುಡುಕಿದ್ದಾಯಿತು. ಕಂಪನಿಯವರು ಒಪ್ಪಿದರೆ ಬದಲಿ ಬ್ಯಾಟರಿ ತೀರಾ ಅಗ್ಗಕ್ಕೆ ಸಿಗುತ್ತದೆ, ಎಲ್ಲಕ್ಕಿಂತ ಅಗ್ಗ. ಮಾರನೆಯ ದಿನ ಏರಿಯಿಂದ ಕಾರು ಉರುಳಿಸಿಕೊಂಡು ತುಮಕೂರಿಗೆ ಹೋದೆವು.

ಬಿ.ಎಚ್. ರಸ್ತೆಯ ಆ ಅಂಗಡಿಯಾತ ಮರ್ಯಾದಸ್ಥ. ಕಾರ್ಡು ನೋಡಿದ, ಗಾಜಿನ ಕೊಳವೆಯಲ್ಲಿ ಆಸಿಡ್ಡು ಎಳೆದು ನೋಡಿದ. ಒಂದು ಫಾರಂ ತೆಗೆದು ತುಂಬತೊಡಗಿದ.

“ಕಂಪ್ನಿಗೆ ಕಳಿಸ್ತೀನಿ ಸಾರ್. ಅಲ್ಲೀತಂಕ ಹಾಕ್ಕೊಳಕ್ಕೆ ನಮ್ದೇ ಒಂದು ಕೊಟ್ಟಿರ್ತೀನಿ. ನೀರು ಯಾವುದು ಹಾಕ್ತಿದ್ರಿ? ಡಿಸ್ಟಿಲ್ಲೇ ತಾನೇ?”

ಯಜಮಾನರು “ಹೂಂ” ಎಂದರು. ಆತ ಹಾಗೆಂದೇ ಬರೆದು, “ಇಲ್ಲೊಂದು ಸೈನ್ ಮಾಡಿ” ಎಂದು ಪೆನ್ನು ಚಾಚಿದ.

ಎಲ್ಲವೂ ಸರಿಹೋಗುವುದರಲ್ಲಿತ್ತು. ಸೋಮವಾರಕ್ಕೆ ಬ್ಯಾಟರಿ ಆಯಿತು, ಬದಲಿಯೂ ಅಗ್ಗಕ್ಕೆ ಆಯಿತು. ನನಗೆ ಮಾತ್ರ ಆ ಪೆನ್ನು ನೋಡಿ ಏನೋ ಆಯಿತು. ತಪ್ಪು ನನ್ನ ಕೈಯದು, ಸುಳ್ಳಿನ ಕೆಳಗೆ ಹೆಸರು ಅವರದು. ಹೇಳಿದರೆ ಕಾರು ಕಡಬಕ್ಕೆ ಹೋದೀತು. ಹೇಳದಿದ್ದರೆ? ಮುಚ್ಚಳ ತೆಗೆದವರಿಗೆ ಕಾಣದೇ ಇರುತ್ತದೆಯೇ? ಅಥವಾ ಅವರಿಗೂ ಕಾಣದೆ ಹೋದರೆ ಅದು ಇನ್ನೂ ಕೆಟ್ಟದ್ದೋ? ಇದನ್ನೆಲ್ಲ ಯೋಚಿಸಿ ಮುಗಿಸುವ ಮೊದಲೇ ನಾನು ಬಾಯಿ ಬಿಟ್ಟಿದ್ದೆ.

“ರೀ, ಸೈನ್ ಹಾಕ್ಬೇಡಿ. ಇದಕ್ಕೆ ಹಾಕಿದ್ದು ಬಾವಿ ನೀರು. ನಾನು... ನಾನೇ ಹಾಕಿದ್ದು.”

ಅಂಗಡಿಯಾತ ಪೆನ್ನಿನ ಮುಚ್ಚಳ ಹಾಕಿದ. “ನೀವು ಹೇಳ್ದೇ ಇದ್ದಿದ್ರೆ ನಾನ್ ಕೇಳ್ತಿರ್ಲಿಲ್ಲ ಅಮ್ನೋರೇ. ಈಗ ಕೇಳಿಸ್ಕೊಂಡ್‌ಬಿಟ್ನಲ್ಲ!” ಎಂದು ಫಾರಮ್ಮನ್ನು ಎರಡಾಗಿ ಹರಿದ. ಅವನಿಗೂ ಬೇಜಾರಾದಂತೆ ಕಂಡಿತು. ಹೊಸದರ ಬೆಲೆ ಹೇಳಿದ. ಕೇಳಿಸಿಕೊಂಡು ಬಂದೆವು. ಅವನ ಅಂಗಡಿಯ ಇಬ್ಬರು ಆಳುಗಳೇ ಕಾರು ತಳ್ಳಿಕೊಟ್ಟರು.

ಹೆಗ್ಗೆರೆ ದಾಟಿದ ಮೇಲೆ ಯಜಮಾನರು, “ಕಾಯ್ಸಿದ್ ನೀರು ಅಂತ ಹೇಳಿದ್ದು ನಾನು ತಾನೇ. ನೀನ್ಯಾಕೆ ಎಲ್ಲಾ ತಲೆ ಮೇಲೆ ಹಾಕ್ಕೊಂಡೆ?” ಎಂದರು. ಬೈದದ್ದೋ ಸಮಾಧಾನ ಮಾಡಿದ್ದೋ ತಿಳಿಯಲಿಲ್ಲ.

ಮತ್ತೆ ಮೂರು ಊರು ಎದುರಿಗೆ ನಿಂತವು. ತುಮಕೂರಿನದು ಹೊಸದು, ದುಬಾರಿ. ಕುಣಿಗಲ್ಲಿನದು ಅರ್ಧ, ಆದರೆ ಯಾರದೋ. ಗುಬ್ಬಿಯದು ಎಲ್ಲಕ್ಕಿಂತ ಅಗ್ಗ, ಆದರೆ ಎಷ್ಟು ದಿನದ್ದೋ. ಶನಿವಾರ ಬೆಳಿಗ್ಗೆಯವರೆಗೂ ಯಾವುದೂ ತೀರ್ಮಾನವಾಗದೆ, ಕೊನೆಗೆ ನಾನೇ ಬಸ್‌ಸ್ಟ್ಯಾಂಡಿನ ಹಿಂದಕ್ಕೆ ನಡೆದುಹೋಗಿ ಆ ಹಿರಿಯರಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಸೋಮವಾರ ಟೆಸ್ಟು, ಪಾಸಾದರೆ ಒಂದು, ಆಗದಿದ್ದರೆ ಒಂದು, ನನಗೆ ಏನು ಮಾಡಬೇಕೋ ತಿಳಿಯುತ್ತಿಲ್ಲ ಎಂದೆ.

“ಅಷ್ಟಕ್ಕೆ ಯಾಕ್ ತಾಯಿ ಕೊಳ್ಳೋ ಮಾತು?” ಎಂದರು. “ಚಾರ್ಜಿಗೆ ಕೊಟ್ಟೋರಿಗೆ ಅಲ್ಲೀವರ್ಗೂ ಅಂತ ನಾನು ಬಾಡಿಗೆಗೆ ಒಂದು ಕೊಡ್ತೀನಲ್ಲ. ತಗೊಂಡೋಗಿ. ಪಾಸಾಗಿ ಬಂದ್ಮೇಲೆ ಯೋಚ್ನೆ ಮಾಡಿ.”

ಊರಿನ ಎಷ್ಟೋ ಗಾಡಿಗಳು ಹಾಗೆ ಬಾಡಿಗೆ ಬ್ಯಾಟರಿಯಲ್ಲಿ ಓಡಾಡುತ್ತಿದ್ದವು. ಇಷ್ಟು ದಿನದಲ್ಲಿ ನಮಗೆ ಯಾರಿಗೂ ಅದು ಹೊಳೆದಿರಲಿಲ್ಲ.

ಸಂಜೆ ಕಾರು ತಂದು ಹಾಕಿಸಿದೆವು. ಹಿರಿಯರು ನನ್ನನ್ನು ಸ್ಟೀರಿಂಗಿನ ಮುಂದೆ ಕೂರಿಸಿ, “ಸೆಲ್ಫ್ ಹೊಡೀರಿ, ಕೀಲೀಲೇ” ಎಂದರು. ಕಲಿತಷ್ಟು ದಿನವೂ ನಾನು ಉರುಳುವ ಕಾರನ್ನೇ ಎಬ್ಬಿಸಿದವಳು. ಅಭ್ಯಾಸದಂತೆ ಎರಡನೇ ಗೇರಿಗೆ ಹಾಕಿ, ಕ್ಲಚ್ಚು ಬಿಟ್ಟು, ಕೀಲಿ ತಿರುಗಿಸಿದೆ. ಕಾರು ಕಪ್ಪೆಯ ಹಾಗೆ ಮುಂದಕ್ಕೆ ಕುಪ್ಪಳಿಸಿ, ಜೋಡಿಸಿಟ್ಟಿದ್ದ ಖಾಲಿ ಬ್ಯಾಟರಿ ಪೆಟ್ಟಿಗೆಗಳನ್ನೆಲ್ಲ ಬೀಳಿಸಿ ನಿಂತಿತು.

“ಇನ್ಸ್‌ಪೆಕ್ಟ್ರ ಮೇಲೂ ಹಿಂಗೇ ಹತ್ತಿಸ್ತೀಯೇನೇ?” ಎಂದರು ಯಜಮಾನರು.

“ಬುಡಿ ಸ್ವಾಮಿ, ಬ್ಯಾಟ್ರಿ ಚೆನ್ನಾಗೈತೆ ಅಂತ ಗೊತ್ತಾಯ್ತಲ್ಲ” ಎಂದರು ಹಿರಿಯರು, ಪೆಟ್ಟಿಗೆ ಎತ್ತಿಡುತ್ತಾ.

ಭಾನುವಾರ ಪೂರ್ತಿ, ಹಿತ್ತಲಿನ ಪಕ್ಕದ ಖಾಲಿ ಜಾಗದಲ್ಲಿ ಕಾರು ನಿಲ್ಲಿಸುವುದು, ಗೇರು ನ್ಯೂಟ್ರಲ್ಲಿನಲ್ಲಿದೆಯೇ ಎಂದು ಅಲ್ಲಾಡಿಸಿ ನೋಡುವುದು, ಕೀಲಿ ತಿರುಗಿಸುವುದು. ಅಷ್ಟೇ ಕೆಲಸ. ಸಪಾಟು ನೆಲದಲ್ಲಿ ನಿಂತ ಕಾರು ನನ್ನ ಬೆರಳಿಗೆ ಎದ್ದೇಳುವುದು ನನಗೆ ವಿಚಿತ್ರವಾಗಿತ್ತು. ಅಡುಗೆ ಹೊತ್ತಿಗೆ ಆಗಲಿಲ್ಲ.

ಸೋಮವಾರ ಇನ್ಸ್‌ಪೆಕ್ಟರು ಪಕ್ಕದಲ್ಲಿ ಕೂತು, “ಹೂಂ, ನಡೀರಿ” ಎಂದರು. ನಡೆಸಿದೆ. ಹಿಂದಕ್ಕೆ ಅಂದರು, ಹಿಂದಕ್ಕೆ ಬಂದೆ. ಒಂದು ಕಡೆ ಎಂಜಿನ್ನು ನಿಂತುಹೋಯಿತು. ಮತ್ತೆ ಕೀಲಿ ತಿರುಗಿಸಿದೆ, ಹೊರಟಿತು. “ಗಾಬ್ರಿ ಕಮ್ಮಿ ಮಾಡ್ಕೊಳಿ” ಎಂದು ಹೇಳಿ ಅವರು ಕಾಗದಕ್ಕೆ ಸಹಿ ಹಾಕಿದರು. ಪಾಸೋ ಅಲ್ಲವೋ ಎಂದು ಅವರನ್ನೇ ಕೇಳಲು ನಾಚಿಕೆಯಾಗಿ, ಬೇವಿನ ಮರದ ಕೆಳಗಿದ್ದ ಯಜಮಾನರಿಗೆ ತಂದು ತೋರಿಸಿದೆ. ಅವರು ಎಡಗಣ್ಣಿನ ಹತ್ತಿರ ಹಿಡಿದು ಓದಿ, “ಕಡಬದೋರಿಗೆ ಏನ್ ಹೇಳೋದೀಗ?” ಎಂದರು.

ಬಿ.ಎಚ್. ರಸ್ತೆಯ ಅಂಗಡಿಯ ಮುಂದೆ ಹಾದುಬರುವಾಗ, “ಈಗ ಹೊಸದೇ ಹಾಕಿಸ್ಬೋದಲ್ಲ, ನಿಲ್ಸ್ತೀಯಾ?” ಎಂದು ಕೇಳಿದರು. ನಿಲ್ಲಿಸಲೋ ಬೇಡವೋ ಎಂದು ನಾನು ಯೋಚಿಸುತ್ತಿರುವಾಗಲೇ ಅಂಗಡಿ ಹಿಂದೆ ಹೋಗಿತ್ತು.

ಕೊನೆಗೆ ಪ್ಲೇಟೇ ಹಾಕಿಸಿದೆವು. ಅವು ಒಂದು ವರ್ಷ ಬಂದವು. ಹೊಸದಾಗಿದ್ದರೆ ಮೂರು ವರ್ಷ ಬರುತ್ತಿತ್ತು ಎಂದು ತಮ್ಮ ಈಗಲೂ ಆಡಿಕೊಳ್ಳುತ್ತಾನೆ. ಅವನದೇ ತಂದಿದ್ದರೆ ಎಷ್ಟು ಬರುತ್ತಿತ್ತು ಎಂದರೆ ಮಾತು ಬದಲಾಯಿಸುತ್ತಾನೆ. ಯಾವುದು ಅಗ್ಗವಾಗುತ್ತಿತ್ತೋ ನನಗಂತೂ ಇವತ್ತಿಗೂ ಬಗೆಹರಿದಿಲ್ಲ. ಅಂತೂ ಲೈಸೆನ್ಸ್ ಬಂದ ವಾರ ಬಾಡಿಗೆ ಬ್ಯಾಟರಿ ವಾಪಸು ಕೊಟ್ಟು ನಮ್ಮದನ್ನು ಹಾಕಿಸಿಕೊಳ್ಳಲು ಯಜಮಾನರಿಗೆ ಬಿಡುವಿರಲಿಲ್ಲ. ಆ ಅಂಗಡಿಯ ಮುಂದೆ ನಾನೊಬ್ಬಳೇ ಕಾರು ನಿಲ್ಲಿಸಿ ಇಳಿದೆ. ನಾನು ಪಾಸಾದದ್ದು ಗೊತ್ತಿದ್ದರೂ ಆ ಹಿರಿಯರು ಹೊರಗೆ ಬಂದು, ಕಾರಿನ ಹಿಂದಿನ ಸೀಟಿನಲ್ಲೂ ಇಣುಕಿ, ಆ ಕಡೆ ಈ ಕಡೆ ರಸ್ತೆಯನ್ನೂ ನೋಡಿ, “ಗಾಡಿ ತಂದೋರು ಎಲ್ಲೋದ್ರು ತಾಯಿ?” ಎಂದು ಕೇಳಿದರು.